ಫಿಲ್ಮ್‌ನಲ್ಲಿ ಪಳಗಿದ ಕೈಗೆ ಡಿಜಿಟಲ್ ಕ್ಯಾಮೆರಾ

ಡಿಜಿಟಲ್ ಕ್ಯಾಮೆರಾ ಹಿಡಿದು ನಾನು ತೆಗೆದ ಮೊದಲ ಮದುವೆಯಲ್ಲಿ ಮದುಮಗನ ಪಂಚೆ ಮಾಯವಾಗಿತ್ತು. 2004ರ ಮಾತು. ಮುಂಬಯಿಯ ಮಾಟುಂಗಾದ ಒಂದು ಸಭಾಗೃಹ, ಧಾರೆ ಎರೆಯುವ ಹೊತ್ತು. ಅಷ್ಟರಲ್ಲಿ ನನಗೆ ಫಿಲ್ಮ್‌ನಲ್ಲಿ ಇಪ್ಪತ್ತು ವರ್ಷದ ಅಭ್ಯಾಸ. 400ರ ಕಲರ್ ರೋಲ್ ಹಾಕಿ ಮೀಟರನ್ನು 200ಕ್ಕೆ ತಿರುಗಿಸಿಡುವುದು, ಎಲ್ಲದಕ್ಕೂ ಒಂದು ಸ್ಟಾಪ್ ಬೆಳಕು ಹೆಚ್ಚೇ ಕೊಡುವುದು ನನ್ನ ರೂಢಿ. ಹಾಗೆ ಮಾಡಿದರೆ ಮೂಲೆಯಲ್ಲಿ ಕುಳಿತ ಅಜ್ಜಿಯ ಮುಖವೂ ಪ್ರಿಂಟಿನಲ್ಲಿ ಎದ್ದು ಬರುತ್ತಿತ್ತು. ಡಿಜಿಟಲ್‌ನಲ್ಲೂ ಅದೇ ಲೆಕ್ಕ ಹಿಡಿದೆ. ಆಲ್ಬಂ ನೋಡಿದ ಹುಡುಗನ ತಂದೆ, “ಮುಖಗಳೆಲ್ಲ ಚೆನ್ನಾಗಿ ಬಂದಿವೆ ಮಾರಾಯರೇ, ಆದರೆ ಪಂಚೆಯ ಅಂಚು ಮಾತ್ರ ಇದೆಯಲ್ಲ, ಪಂಚೆ ಎಲ್ಲಿ?” ಎಂದರು. ನೆರಿಗೆ ಇಲ್ಲ, ಸುಕ್ಕಿಲ್ಲ, ಸೊಂಟದಿಂದ ಕೆಳಗೆ ಬರೀ ಕಾಗದದ ಬಿಳಿ.

ಈಚೆಗೆ ಡೊಂಬಿವಲಿಯ ಗೆಳೆಯರೊಬ್ಬರು ಬ್ಯಾಂಕಿನಿಂದ ನಿವೃತ್ತರಾಗಿ, ಕಪಾಟಿನಲ್ಲಿ ಮಲಗಿದ್ದ ನಿಕಾನ್ ಎಫ್‌ಎಂ2 ಕ್ಯಾಮೆರಾವನ್ನು ಎಬ್ಬಿಸಿದರು. ಒಂದು ಕಲರ್ ರೋಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟಿದ್ದನ್ನು ನೋಡಿ ನನಗೆ ಫೋನ್ ಮಾಡಿದರು. “ಡಿಜಿಟಲ್‌ಗೆ ಬಂದೇ ಬಿಡುತ್ತೇನೆ, ಎಲ್ಲಿಂದ ಶುರು ಮಾಡಲಿ?” ಅವರಿಗೆ ಕಂತುಕಂತಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಅಪರ್ಚರ್, ಶಟರ್, ಸ್ಟಾಪ್ ಎಂದರೇನೆಂದು ಗೊತ್ತಿರುವವರಿಗಾಗಿ ಇದು. ಅವನ್ನು ಮತ್ತೆ ವಿವರಿಸಿ ನಿಮ್ಮ ಹೊತ್ತು ಕಳೆಯುವುದಿಲ್ಲ.

ಮೊದಲು ಕಪಾಟು ತೆರೆಯಿರಿ

ಅಂಗಡಿಗೆ ಹೋಗುವ ಮುನ್ನ ನಿಮ್ಮಲ್ಲಿ ಇರುವ ಲೆನ್ಸ್‌ಗಳನ್ನು ಹೊರಗೆ ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಡಿ. ಯಾವ ಬಾಡಿ ಕೊಳ್ಳಬೇಕು ಎಂಬುದನ್ನು ಅವೇ ಹೇಳುತ್ತವೆ. ಪ್ರತಿ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಅದು ಬರದಿದ್ದರೇ ಆಶ್ಚರ್ಯ. ಅಂಚಿನಲ್ಲಿ ಸ್ವಲ್ಪವಿದ್ದರೆ ಬಿಚ್ಚಿ ಒರೆಸುವ ರಿಪೇರಿಯವರು ಈಗಲೂ ಸಿಗುತ್ತಾರೆ. ಗಾಜಿನ ಲೇಪವನ್ನೇ ತಿಂದಿದ್ದರೆ ಅದರ ಆಸೆ ಬಿಡಿ, ಉಳಿದ ಲೆನ್ಸ್‌ಗಳಿಂದ ದೂರವಿಡಿ.

ನಿಕಾನ್‌ನವರಿಗೆ: 1959ರಿಂದ ಬಂದ ಎಫ್ ಮೌಂಟ್ ಹೆಸರಿಗೆ ಒಂದೇ, ಒಳಗೆ ಹಲವು. 1977ರಲ್ಲಿ ಎಐ, ಅಂದರೆ ಲೆನ್ಸಿನ ಅಪರ್ಚರನ್ನು ಬಾಡಿಗೆ ತಾನಾಗಿ ತಿಳಿಸುವ ಏರ್ಪಾಡು, ಬರುವುದಕ್ಕಿಂತ ಹಿಂದಿನ ಲೆನ್ಸನ್ನು ಮಾರ್ಪಡಿಸದೆ ಬಹುತೇಕ ಡಿಜಿಟಲ್ ಎಸ್‌ಎಲ್‌ಆರ್ ಬಾಡಿಗಳಿಗೆ ತಿರುಪಬೇಡಿ. ಮೌಂಟಿನ ಬಳಿಯ ಪುಟ್ಟ ಕೊಂಡಿ ಮುರಿಯಬಹುದು. ಎಐ ಲೆನ್ಸ್‌ಗಳು ಡಿ7000, ಡಿ610, ಡಿ750, ಡಿ800 ತರಗತಿಯ ಬಾಡಿಗಳಲ್ಲಿ ಮೀಟರ್ ಸಮೇತ ಕೆಲಸ ಮಾಡುತ್ತವೆ, ಅಗ್ಗದ ಡಿ3000, ಡಿ5000 ಸಾಲಿನಲ್ಲಿ ಮೀಟರ್ ಮಲಗಿಬಿಡುತ್ತದೆ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಝಡ್ ಬಾಡಿಗೆ ಹೋಗುವವರು ಇನ್ನೊಂದನ್ನು ನೆನಪಿಡಿ. ಎಫ್ ಮೌಂಟ್ ಲೆನ್ಸನ್ನು ಅದಕ್ಕೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರಿಲ್ಲದ ನಿಮ್ಮ ಹಳೆಯ ಎಎಫ್-ಡಿ ಲೆನ್ಸ್ ಅದರಲ್ಲಿ ಕೂರುತ್ತದೆ, ಆದರೆ ಫೋಕಸ್ ಕೈಯಲ್ಲೇ ಮಾಡಬೇಕು.

ಕ್ಯಾನನ್‌ನವರಲ್ಲಿ ಇಎಫ್ ಲೆನ್ಸ್ ಇರುವವರು ಅದೃಷ್ಟವಂತರು, 1987ರ ಲೆನ್ಸೂ ಇಂದಿನ ಇಒಎಸ್ ಎಸ್‌ಎಲ್‌ಆರ್ ಬಾಡಿಯಲ್ಲಿ ಮಾತಾಡುತ್ತದೆ. ಅದಕ್ಕೂ ಹಿಂದಿನ ಎಫ್‌ಡಿ ಲೆನ್ಸ್ ಇರುವವರು ಎಸ್‌ಎಲ್‌ಆರ್ ಆಸೆ ಬಿಟ್ಟು ನೇರ ಮಿರರ್‌ಲೆಸ್‌ಗೆ ಬನ್ನಿ. ಕಾರಣ ಸರಳ: ಎಫ್‌ಡಿ ಲೆನ್ಸ್ ಫಿಲ್ಮ್‌ನಿಂದ 42 ಮಿಮೀ ದೂರದಲ್ಲಿ ಕೂರಬೇಕು, ಇಎಫ್ ಬಾಡಿಯ ಮೌಂಟ್ 44 ಮಿಮೀ ದೂರದಲ್ಲಿದೆ, ಹಾಗಾಗಿ ನಡುವೆ ಒಂದು ಕಳಪೆ ಗಾಜು ತುರುಕದೆ ದೂರದ ದೃಶ್ಯ ಫೋಕಸ್ ಆಗುವುದಿಲ್ಲ. ಮಿರರ್‌ಲೆಸ್ ಬಾಡಿಗಳಲ್ಲಿ ಈ ದೂರ 16ರಿಂದ 20 ಮಿಮೀ ಮಾತ್ರ. ಮಿಕ್ಕ ಜಾಗವನ್ನು ಖಾಲಿ ಕೊಳವೆಯಂಥ ಅಡಾಪ್ಟರ್ ತುಂಬುತ್ತದೆ. ಯಾಶಿಕಾ, ಮಿನೋಲ್ಟಾ, ಪೆಂಟಾಕ್ಸ್ ಲೆನ್ಸ್‌ಗಳಿಗೂ ಈ ದಾರಿ ನಡೆಯುತ್ತದೆ. ಜೊತೆಗೆ, ನಿಮ್ಮ ಹಳೆಯ ಕ್ಯಾಮೆರಾದ ಸೀಳು ವೃತ್ತದ ಫೋಕಸಿಂಗ್ ಪರದೆ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಇರುವುದಿಲ್ಲ. ಮಿರರ್‌ಲೆಸ್‌ನಲ್ಲಿ ದೃಶ್ಯವನ್ನೇ ಹಿಗ್ಗಿಸಿ ನೋಡಬಹುದು. ಅರವತ್ತು ದಾಟಿದ ಕಣ್ಣಿಗೆ ಅದೇ ದೊಡ್ಡ ಉಪಕಾರ.

ಹಳೆಯ ಫ್ಲ್ಯಾಶ್ ಇದ್ದರೆ ಒಂದು ಎಚ್ಚರಿಕೆ. ಆ ಕಾಲದ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ 200 ದಾಟುತ್ತದೆ, ವಿವಿಟಾರ್ 283ರ ಹಳೆಯ ತಯಾರಿಯಲ್ಲಿ ಇದು ಪ್ರಸಿದ್ಧ. ಎಫ್‌ಎಂ2ಕ್ಕೆ ಅದರಿಂದ ಏನೂ ಆಗದು, ಡಿಜಿಟಲ್ ಬಾಡಿಯ ಸರ್ಕ್ಯೂಟ್ ಸುಟ್ಟುಹೋಗಬಹುದು. ಫ್ಲ್ಯಾಶ್ ಪೂರ್ತಿ ಚಾರ್ಜ್ ಮಾಡಿ, ಅಡಿಯ ನಡು ಬಿಂದುವಿಗೂ ಪಕ್ಕದ ಲೋಹದ ಅಂಚಿಗೂ ಮಲ್ಟಿಮೀಟರ್ ಹಿಡಿದು ಅಳೆಯಿರಿ. ಹೊಸ ಕ್ಯಾಮೆರಾದ ಕೈಪಿಡಿ ಒಪ್ಪುವುದಕ್ಕಿಂತ ಹೆಚ್ಚು ತೋರಿಸಿದರೆ ಅದನ್ನು ಎಫ್‌ಎಂ2ರ ಜೊತೆಗೇ ನಿವೃತ್ತಗೊಳಿಸಿ. ಫಿಲ್ಮ್ ಕಾಲದ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕು ಅಳೆದು ಫ್ಲ್ಯಾಶ್ ನಿಲ್ಲಿಸುವ ಏರ್ಪಾಡು) ಕೂಡ ಹೊಸ ಬಾಡಿಗಳಲ್ಲಿ ನಡೆಯುವುದಿಲ್ಲ.

ಬೋರಾ ಬಜಾರಿಗೆ ಹೋಗುವಾಗ

ಸಿಎಸ್‌ಎಂಟಿ ನಿಲ್ದಾಣದಿಂದ ಹೊರಬಿದ್ದರೆ ಫೋರ್ಟ್‌ನ ಬೋರಾ ಬಜಾರ್ ನಡಿಗೆಯ ದೂರ. ರೋಲ್, ಕೆಮಿಕಲ್, ಪೇಪರ್ ಕೊಳ್ಳಲು ನಾವೆಲ್ಲ ಸವೆಸಿದ ಗಲ್ಲಿಯೇ. ನನ್ನ ಸಲಹೆ ಕೇಳಿದರೆ, 36x24 ಮಿಮೀ ಸೆನ್ಸರಿನ ಫುಲ್ ಫ್ರೇಮ್ ಬಾಡಿಯನ್ನು ಸೆಕೆಂಡ್‌ಹ್ಯಾಂಡ್ ಆದರೂ ಸರಿ ಕೊಳ್ಳಿ. ಸಣ್ಣ ಸೆನ್ಸರ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಿಮ್ಮ ಕಣ್ಣಿಗೆ 28 ಮಿಮೀ ಎಂದರೆ ಎಷ್ಟು ಅಗಲ ಎಂಬುದು ಮೂವತ್ತು ವರ್ಷದಿಂದ ಗೊತ್ತು. 1.5 ಪಟ್ಟಿನ ಸಣ್ಣ ಸೆನ್ಸರಿನಲ್ಲಿ ಅದು 42 ಮಿಮೀ ಲೆನ್ಸಿನಷ್ಟೇ ನೋಡುತ್ತದೆ, 50 ಹೋಗಿ 75 ಆಗುತ್ತದೆ. ಚಾಳಿನ ಕೋಣೆಯಲ್ಲಿ ಗೃಹಪ್ರವೇಶ ತೆಗೆಯಲು ಗೋಡೆ ಒಡೆದು ಹಿಂದೆ ಹೋಗಬೇಕಾಗುತ್ತದೆ.

ಹಳೆಯ ಬಾಡಿ ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ, ಕಂಪ್ಯೂಟರಿನಲ್ಲಿ ತೋರಿಸಲು ಹೇಳಿ. ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದು ಹಿಗ್ಗಿಸಿ ನೋಡಿ. ಮಸುಕು ಚುಕ್ಕೆ ಧೂಳು, ಅದು ಹೋಗುತ್ತದೆ. ಚೂಪಾದ ಗೆರೆ ಗೀರು, ಅದು ಹೋಗುವುದಿಲ್ಲ. ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. 24 ಮೆಗಾಪಿಕ್ಸೆಲ್ ಎಂದರೆ 6000x4000 ಚುಕ್ಕೆ. ಇಂಚಿಗೆ 300ರಂತೆ 20x13 ಇಂಚಿನ ಪ್ರಿಂಟ್. ಕಳೆದ ಹತ್ತು ವರ್ಷದಲ್ಲಿ ನೀವು ಅದಕ್ಕಿಂತ ದೊಡ್ಡದು ಎಷ್ಟು ಹಾಕಿಸಿದ್ದೀರಿ? ಉಳಿದ ಹಣವನ್ನು ಹಾರ್ಡ್ ಡಿಸ್ಕ್‌ಗೆ ಇಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಮನೆಗೆ ಬಂದ ಸಂಜೆ

ಮೆನು ತೆರೆದರೆ ತಲೆ ತಿರುಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನಿಮಗೆ ಬೇಡ. ಗಡಿಯಾರ ಸರಿಮಾಡಿ, ಪ್ರತಿ ಚಿತ್ರದೊಳಗೂ ತಾರೀಕು, ವೇಳೆ ಬರೆದುಕೊಳ್ಳುವುದರಿಂದ ಡೈರಿ ಇಡುವ ಕೆಲಸ ತಪ್ಪಿತು. ಫೈಲ್ ಬಗೆ ‘ರಾ’ ಎಂದು ಇಡಿ. ಜೆಪೆಗ್ ಎಂದರೆ ಸ್ಟುಡಿಯೋದವನು ತನಗೆ ತೋಚಿದಂತೆ ಹಾಕಿಕೊಟ್ಟ ಪ್ರಿಂಟ್, ರಾ ಎಂದರೆ ನಿಮ್ಮ ಕೈಯಲ್ಲಿರುವ ನೆಗೆಟಿವ್. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಚಿತ್ರದ ಶೈಲಿಯನ್ನು ‘ನ್ಯೂಟ್ರಲ್’ ಎಂದು ಇಡಿ. ರಾ ತೆಗೆಯುವಾಗ ಶೈಲಿ ಯಾಕೆ ಎನ್ನಬೇಡಿ. ಹಿಂದಿನ ಪರದೆಯಲ್ಲಿ ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ಹಿಸ್ಟೋಗ್ರಾಂ ಜೆಪೆಗ್ ಲೆಕ್ಕದ್ದು, ಶೈಲಿ ಗಾಢವಾಗಿದ್ದರೆ ಅದು ಸುಳ್ಳು ಹೇಳುತ್ತದೆ. ಬೀಪ್ ಸದ್ದನ್ನು ದಯವಿಟ್ಟು ನಿಲ್ಲಿಸಿ. ಮಂಗಳಾರತಿಯ ನಡುವೆ ಕೀಂಕೀಂ ಎನ್ನುವುದು ಯಾರಿಗೂ ಬೇಡ.

ಬೆಳಕಿನ ಲೆಕ್ಕ ತಿರುಗಿಸಿ

ಇಡೀ ಬದಲಾವಣೆಯಲ್ಲಿ ನಿಜವಾಗಿ ಕಷ್ಟವಾಗುವುದು ಇದೊಂದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಕಲರ್ ನೆಗೆಟಿವ್‌ಗೆ ಬೆಳಕು ಎರಡು ಸ್ಟಾಪ್ ಹೆಚ್ಚಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಮುನಿಯುತ್ತದೆ. ಅದಕ್ಕೇ ‘ನೆರಳಿಗೆ ಮೀಟರ್ ಹಿಡಿ’ ಎಂದು ನಾವು ಕಲಿತದ್ದು. ಸೆನ್ಸರಿನ ಸ್ವಭಾವ ತಿರುಗುಮುರುಗು. ನೆರಳಿನಲ್ಲಿ ಹುದುಗಿದ್ದನ್ನು ಆಮೇಲೆ ಎರಡು ಮೂರು ಸ್ಟಾಪ್ ಎತ್ತಬಹುದು, ಆದರೆ ಬಿಳಿಯ ಮೇಲೆ ತುಂಬಿ ಹರಿದದ್ದು ಹೋದದ್ದೇ. ಕೊಡ ತುಂಬಿದ ಮೇಲೆ ನೀರು ಎಷ್ಟು ಸುರಿದರೂ ಕೊಡ ಕೊಡವೇ. ಫಿಲ್ಮ್ ಹಾಗಲ್ಲ, ಬೆಳಕು ಹೆಚ್ಚಿದಂತೆ ನಿಧಾನವಾಗಿ ಮಣಿಯುತ್ತ ಹೋಗುತ್ತಿತ್ತು. ನನ್ನ ಮದುಮಗನ ಪಂಚೆ ಹೋದದ್ದು ಹೀಗೆ.

ನೀವು ಸ್ಲೈಡ್ ಫಿಲ್ಮ್ ಬಳಸಿದವರಾದರೆ ಅರ್ಧ ಕೆಲಸ ಮುಗಿದಂತೆ. ಸ್ಲೈಡ್ ಹಾಕಿದಾಗ ಹೇಗೆ ಬೆಳಕು ಹೆಚ್ಚಿರುವ ಭಾಗಕ್ಕೆ ಮೀಟರ್ ಹಿಡಿದು, ಅರ್ಧ ಸ್ಟಾಪಿಗೂ ಕೈ ನಡುಗುತ್ತಿತ್ತೋ ಹಾಗೆಯೇ ಇಲ್ಲೂ. ನೆಗೆಟಿವ್ ಮಾತ್ರ ಬಳಸಿದವರು ಹೀಗೊಂದು ಅಭ್ಯಾಸ ಮಾಡಿ. ಬೆಳಗ್ಗೆ ಮಾಟುಂಗಾ ಮಾರುಕಟ್ಟೆಯ ಹೂವಿನ ಅಂಗಡಿಗೆ ಹೋಗಿ, ಒಂದು ಮಲ್ಲಿಗೆ ದಂಡೆ ಕೊಂಡು ಮನೆಗೆ ತನ್ನಿ. ಕಿಟಕಿಯ ಬಳಿ ಕಪ್ಪು ಬಟ್ಟೆಯ ಮೇಲೆ ಇಟ್ಟು, ಹೂವಿಗೇ ಸ್ಪಾಟ್ ಮೀಟರ್ ಹಿಡಿಯಿರಿ. ಮೀಟರ್ ಹೇಳಿದಂತೆ ಒಂದು, ಒಂದು ಸ್ಟಾಪ್ ಹೆಚ್ಚು ಕೊಟ್ಟು ಒಂದು, ಎರಡು ಹೆಚ್ಚು, ಮೂರು ಹೆಚ್ಚು, ನಾಲ್ಕು ಹೆಚ್ಚು. ಕಂಪ್ಯೂಟರಿನಲ್ಲಿ ಐದನ್ನೂ ಒಂದೇ ಬೆಳಕಿಗೆ ತಂದು ನೋಡಿದರೆ, ಎಲ್ಲಿಯವರೆಗೆ ಎಸಳಿನ ಗೆರೆ ಉಳಿದಿದೆ, ಎಲ್ಲಿ ಸುಣ್ಣ ಬಳಿದಂತಾಗಿದೆ ಎಂದು ಸ್ಪಷ್ಟವಾಗುತ್ತದೆ. ಅದು ನಿಮ್ಮ ಕ್ಯಾಮೆರಾದ ಗಡಿ. ಇನ್ನು ಮುಂದೆ ಮುಖ್ಯವಾದ ಬಿಳಿಯನ್ನು ಆ ಗಡಿಗಿಂತ ಸ್ವಲ್ಪ ಈಚೆಗೆ ನಿಲ್ಲಿಸಿ, ಉಳಿದದ್ದು ತನ್ನ ಜಾಗ ಹುಡುಕಿಕೊಳ್ಳುತ್ತದೆ. ಹೂವನ್ನು ಆಮೇಲೆ ಮನೆಯವರಿಗೆ ಕೊಟ್ಟರೆ ಹೊಸ ಕ್ಯಾಮೆರಾದ ಖರ್ಚಿನ ಬಗ್ಗೆ ವಿಚಾರಣೆ ಸ್ವಲ್ಪ ಮೃದುವಾಗುತ್ತದೆ.

ಹಾಗೆಂದು ಭಯಪಟ್ಟು ಎಲ್ಲವನ್ನೂ ಕತ್ತಲು ಮಾಡಿಬಿಡಬೇಡಿ. ಸೆನ್ಸರಿನ ಮೆಟ್ಟಿಲುಗಳಲ್ಲಿ ಅರ್ಧದಷ್ಟು ಇರುವುದು ಅತ್ಯಂತ ಹೆಚ್ಚು ಬೆಳಕಿನ ಒಂದೇ ಸ್ಟಾಪಿನಲ್ಲಿ. ವಿನಾಕಾರಣ ಕಡಿಮೆ ಬೆಳಕು ಕೊಟ್ಟು ಆಮೇಲೆ ಎತ್ತಿದರೆ ನೆರಳಿನಲ್ಲಿ ಮರಳು ಚೆಲ್ಲಿದಂತೆ ನಾಯ್ಸ್ ಕಾಣುತ್ತದೆ. ಅದು ಫಿಲ್ಮಿನ ಗ್ರೇನ್‌ನಷ್ಟು ಚೆಲುವಲ್ಲ.

ಯಕ್ಷಗಾನ ತೆಗೆಯುವವರಿಗೆ ಒಂದು ಮಾತು ಹೆಚ್ಚು. ಊರಿನ ಮೇಳಗಳು ಮುಂಬಯಿಗೆ ಬಂದಾಗ ಸಭಾಗೃಹಗಳಲ್ಲಿ ಈಗ ಎಲ್‌ಇಡಿ ದೀಪಗಳೇ. ಕೆಂಪು ದೀಪದಡಿ ಕೆಂಪು ದಗಲೆ ತೊಟ್ಟ ವೇಷಧಾರಿ ಬಂದರೆ, ಸಾಮಾನ್ಯ ಹಿಸ್ಟೋಗ್ರಾಂ ‘ಎಲ್ಲ ಸರಿ’ ಎನ್ನುತ್ತಿರುವಾಗಲೇ ಕೆಂಪು ಬಣ್ಣ ಒಂದೇ ತುಂಬಿ ಹರಿದಿರುತ್ತದೆ. ಮನೆಗೆ ಬಂದು ನೋಡಿದರೆ ದಗಲೆಯ ನೂಲು, ಕಸೂತಿ ಏನೂ ಇಲ್ಲದ ಕೆಂಪು ಮುದ್ದೆ. ಮೂರು ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಆರಿಸಿಕೊಳ್ಳಿ, ಕೆಂಪಿನ ಗುಡ್ಡ ಬಲಗೋಡೆಗೆ ಒರಗಿದ್ದರೆ ಒಂದು ಸ್ಟಾಪ್ ಇಳಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆಸೆಗೆ ಬಿದ್ದರೆ ಚಿತ್ರದ ಮೇಲೆ ಅಡ್ಡಪಟ್ಟಿಗಳು ಮೂಡಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್. ಮೆಕ್ಯಾನಿಕಲ್ ಶಟರ್ ಇಟ್ಟು 1/50 ಅಥವಾ 1/100ರಲ್ಲಿ ತೆಗೆದರೆ ಬಹುಮಟ್ಟಿಗೆ ಪಾರಾಗಬಹುದು. ಗಿರಕಿ ಹಾಕುವ ಪುಂಡುವೇಷಕ್ಕೆ ಆ ವೇಗ ಸಾಲದು ಎಂದು ನನಗೂ ಗೊತ್ತು, ತಿರುಗಿ ನಿಲ್ಲುವ ಕ್ಷಣಕ್ಕೆ ಕಾಯಿರಿ. ಫಿಲ್ಮ್‌ನಲ್ಲೂ ಹಾಗೇ ಕಾಯುತ್ತಿದ್ದೆವಲ್ಲ.

ಸಣ್ಣಪುಟ್ಟ ಬದಲಾವಣೆಗಳು

ಐಎಸ್‌ಒ ಈಗ ರೋಲಿಗೊಮ್ಮೆ ಅಲ್ಲ, ಫ್ರೇಮಿಗೊಮ್ಮೆ ಬದಲಾಗುತ್ತದೆ. ನೀವು 400ಕ್ಕೆ ಹೆದರಿ ನಿಂತವರು. ಫುಲ್ ಫ್ರೇಮ್ ಬಾಡಿಯಲ್ಲಿ 3200ನ್ನು ಧೈರ್ಯವಾಗಿ ಬಳಸಿ. ಕೈ ನಡುಗಿದ ಚಿತ್ರಕ್ಕಿಂತ ನಾಯ್ಸ್ ಇರುವ ಚಿತ್ರ ಲೇಸು.

ನೀಲಿ 80ಎ, ಕಿತ್ತಳೆ 85ಬಿ, ಟ್ಯೂಬ್‌ಲೈಟಿನ ಹಸಿರು ಕಳೆಯುವ ಎಫ್‌ಎಲ್‌ಡಿ ಫಿಲ್ಟರ್‌ಗಳನ್ನು ಡಬ್ಬಿಗೆ ಹಾಕಿ ಕಟ್ಟಿಡಿ. ಅವುಗಳ ಕೆಲಸವನ್ನು ವೈಟ್ ಬ್ಯಾಲೆನ್ಸ್ ಮಾಡುತ್ತದೆ. ಪ್ರತಿಫಲನ ಕಳೆಯುವ ಪೋಲರೈಸರ್ ಮತ್ತು ಬೆಳಕು ತಗ್ಗಿಸುವ ಎನ್‌ಡಿ ಉಳಿಸಿಕೊಳ್ಳಿ, ಅವನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ನಕಲು ಮಾಡಲಾರದು. ಕಪ್ಪುಬಿಳುಪಿಗೆ ಬಳಸುತ್ತಿದ್ದ ಕೆಂಪು, ಹಳದಿ ಫಿಲ್ಟರ್‌ಗಳೂ ಬೇಡ. ಬಣ್ಣದಲ್ಲೇ ರಾ ತೆಗೆದು ಆಮೇಲೆ ನೀಲಿಯನ್ನು ಇಳಿಸಿದರೆ ಆಕಾಶ ಕಪ್ಪಾಗುತ್ತದೆ. ಪರದೆಯನ್ನು ಮಾತ್ರ ಕಪ್ಪುಬಿಳುಪಿಗೆ ಇಟ್ಟುಕೊಳ್ಳಬಹುದು, ನೋಡುವ ಕಣ್ಣಿಗೆ ಸಹಾಯ. ರಾತ್ರಿ ಮರೀನ್ ಡ್ರೈವ್‌ನ ದೀಪದ ಸಾಲು ತೆಗೆಯುವಾಗ ಮೀಟರ್ 30 ಸೆಕೆಂಡ್ ಎಂದರೆ 30 ಸೆಕೆಂಡೇ. ಫಿಲ್ಮಿಗೆ ಕೊಡುತ್ತಿದ್ದ ಹೆಚ್ಚುವರಿ ಹೊತ್ತಿನ ಕೋಷ್ಟಕವನ್ನು ಹರಿದು ಹಾಕಿ. ಕೈ ಮೀಟರನ್ನು ಹರಾಜಿಗೆ ಹಾಕಬೇಡಿ, ಅದು ಈಗಲೂ ಸತ್ಯವನ್ನೇ ಹೇಳುತ್ತದೆ.

ಕ್ಲಿಕ್ ಪುಕ್ಕಟೆಯಾದ್ದರಿಂದ ಒಂದೇ ಸಂಜೆಗೆ ಎಂಟುನೂರು ತೆಗೆಯುವ ಚಪಲ ಮೊದಲ ತಿಂಗಳು ಎಲ್ಲರಿಗೂ ಬರುತ್ತದೆ. ತೆಗೆಯಿರಿ, ಆದರೆ ಅಂದೇ ರಾತ್ರಿ ಕೂತು ಮೂವತ್ತಾರಕ್ಕೆ ಇಳಿಸಿ. ಆ ಶಿಕ್ಷೆಯನ್ನು ಎರಡು ವಾರ ಅನುಭವಿಸಿದರೆ ಬೆರಳು ತಾನಾಗಿ ಹಿಡಿತಕ್ಕೆ ಬರುತ್ತದೆ.

ಹೊಸ ಕತ್ತಲೆ ಕೋಣೆ

ಯಾವ ಸಾಫ್ಟ್‌ವೇರ್ ಎಂಬ ಚರ್ಚೆಗೆ ಕೊನೆಯಿಲ್ಲ. ಲೈಟ್‌ರೂಮ್‌ಗೆ ಬಾಡಿಗೆ ಕಟ್ಟಬೇಕು, ಡಾರ್ಕ್‌ಟೇಬಲ್ ಪುಕ್ಕಟೆ. ಎರಡರಲ್ಲಿ ಒಂದನ್ನು ಹಿಡಿದು ಮೂರು ತಿಂಗಳು ಬಿಡಬೇಡಿ. ಕತ್ತಲೆ ಕೋಣೆಯಲ್ಲಿ ಕಾಗದದ ಗ್ರೇಡ್ ಆರಿಸಿದ್ದು, ಕೈ ಅಡ್ಡ ಹಿಡಿದು ಮುಖಕ್ಕೆ ಬೆಳಕು ತಡೆದದ್ದು, ಮೂಲೆಗಳನ್ನು ಸುಟ್ಟದ್ದು, ಇವೆಲ್ಲ ಅದೇ ಹೆಸರಿನಲ್ಲೇ ಅಲ್ಲಿವೆ. ಒಂದೇ ಸೂಚನೆ: ಪರದೆಯ ಬೆಳಕನ್ನು ಅರ್ಧಕ್ಕಿಳಿಸಿ ಕೆಲಸ ಮಾಡಿ. “ಲ್ಯಾಬಿನವರು ಪ್ರಿಂಟ್ ಕಪ್ಪಾಗಿ ಹಾಕಿದರು” ಎಂಬ ದೂರಿನಲ್ಲಿ ಹೆಚ್ಚಿನವಕ್ಕೆ ಕಾರಣ ಮನೆಯ ಝಗಝಗಿಸುವ ಪರದೆ.

ಎಲ್ಲಿ ಇಡುವುದು?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಮೀ ಮಳೆ ಸುರಿಯಿತು. ಕಲೀನಾದಲ್ಲಿ ನಾನಿದ್ದದ್ದು ನೆಲಮಹಡಿಯ ಮನೆ. ಸೊಂಟಮಟ್ಟದ ನೀರು ಇಳಿದ ಮೇಲೆ ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿ ಇದ್ದ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಹಲ್ವಾ ಆಗಿದ್ದವು. ಹದಿನಾಲ್ಕು ವರ್ಷದ ಕೆಲಸ. ಅದಕ್ಕೆ ಎರಡನೆಯ ಪ್ರತಿ ಎಂಬುದೇ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಡಿಜಿಟಲ್ ಬಗ್ಗೆ ಯಾರು ಏನೇ ಗೊಣಗಲಿ, ಮೂಲದಷ್ಟೇ ಮೂಲವಾದ ಇನ್ನೊಂದು ಪ್ರತಿ ಮಾಡಬಹುದು ಎಂಬ ಒಂದೇ ಕಾರಣಕ್ಕೆ ನಾನು ಅದಕ್ಕೆ ಕೈ ಮುಗಿಯುತ್ತೇನೆ.

ಆದರೆ ಪ್ರತಿ ತಾನಾಗಿ ಆಗುವುದಿಲ್ಲ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಇದು ಎಲ್ಲರೂ ಹೇಳುವ ಲೆಕ್ಕ, ಪಾಲಿಸುವವರು ಕಡಿಮೆ. ನನ್ನ ಕ್ರಮ ಹೀಗಿದೆ. ಕಾರ್ಡಿನಿಂದ ಕಂಪ್ಯೂಟರಿಗೆ ಒಂದು, ಹೊರಗಿನ ಡಿಸ್ಕಿಗೆ ಒಂದು. ಎರಡೂ ಆಗಿ ಹತ್ತು ಚಿತ್ರ ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸುವುದಿಲ್ಲ. ಮೂರನೆಯ ಡಿಸ್ಕ್ ಕುಂದಾಪುರದಲ್ಲಿ ಅಣ್ಣನ ಮನೆಯ ಗೋದ್ರೆಜ್ ಬೀರುವಿನಲ್ಲಿದೆ. ವರ್ಷಕ್ಕೆ ಎರಡು ಸಲ ಊರಿಗೆ ಹೋದಾಗ ಹೊಸದನ್ನು ಕೊಟ್ಟು ಹಳೆಯದನ್ನು ತರುತ್ತೇನೆ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ ಎಂದುಕೊಂಡರೆ ಒಂದು ಟಿಬಿ ಡಿಸ್ಕಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಫೋಲ್ಡರ್ ಹೆಸರನ್ನು ವರ್ಷ, ತಿಂಗಳು, ದಿನ, ಆಮೇಲೆ ವಿಷಯ ಎಂಬ ಕ್ರಮದಲ್ಲಿ ಬರೆಯಿರಿ. ‘ಹೊಸ ಫೋಲ್ಡರ್ 17’ ಎಂಬುದು ನೀರಿಲ್ಲದೆಯೇ ಮುಳುಗಿದ ಹಾಗೆ.

ಮಳೆಗಾಲದ ಮಡಿ

ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರ್. ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. ಜೆಲ್ ಬಣ್ಣ ಬದಲಾಯಿಸಿದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಜೀವ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮರಳಿಸಬೇಡಿ. ಎಸಿ ಹಾಲ್‌ನಿಂದ ಹೊರಗೆ ಬರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ, ಇಲ್ಲದಿದ್ದರೆ ಗಾಜಿನ ಮೇಲಷ್ಟೇ ಅಲ್ಲ, ಒಳಗೂ ಬೆವರುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ಫ್ರೇಮಿಗೊಂದು ಹೊಸ ಸೆನ್ಸರ್ ಬರುತ್ತಿತ್ತು, ಇಲ್ಲಿ ಇರುವುದು ಒಂದೇ. ಅದರ ಮೇಲೆ ಬಾಯಿಂದ ಊದಬೇಡಿ, ರಬ್ಬರ್ ಬ್ಲೋಯರ್ ಇಟ್ಟುಕೊಳ್ಳಿ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಲೆನ್ಸ್ ಬದಲಾಯಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಳಿದ ನೆಗೆಟಿವ್‌ಗಳು

ಕೊನೆಯ ಕೆಲಸಕ್ಕೆ ಹೊಸ ಕ್ಯಾಮೆರಾವೇ ಸ್ಕ್ಯಾನರ್. ಒಂದು ಮ್ಯಾಕ್ರೋ ಲೆನ್ಸ್, ಬಣ್ಣ ನಿಖರವಾಗಿ ತೋರಿಸುವ, ಅಂದರೆ ಸಿಆರ್‌ಐ 95ಕ್ಕೆ ಮೇಲ್ಪಟ್ಟ ಬೆಳಕಿನ ಹಲಗೆ, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡ್ ಸಾಕು. ನೆಗೆಟಿವ್ ಹಲಗೆಗೆ ತಾಗದಂತೆ ಒಂದೆರಡು ಇಂಚು ಮೇಲಿರಲಿ, ಇಲ್ಲದಿದ್ದರೆ ಹಲಗೆಯ ಧೂಳೂ ಚಿತ್ರವಾಗುತ್ತದೆ. ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡಲು ನೆಗೆಟಿವ್ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ವ್ಯೂಫೈಂಡರಿನ ನಟ್ಟನಡುವೆ ನಿಮ್ಮ ಲೆನ್ಸಿನ ಕಣ್ಣೇ ಕಂಡರೆ ಸರಿಯಾಗಿದೆ. ಕೋಣೆಯ ದೀಪ ಆರಿಸಿ, ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಟೈಮರ್. ಕಲರ್ ನೆಗೆಟಿವ್ ಆದರೆ ಮೊದಲು ಚಿತ್ರವಿಲ್ಲದ ಕಿತ್ತಳೆ ಅಂಚನ್ನು ತೆಗೆದು ಅದರಿಂದ ವೈಟ್ ಬ್ಯಾಲೆನ್ಸ್ ಹಿಡಿಯಿರಿ, ಕಂಪ್ಯೂಟರಿನಲ್ಲಿ ಪಾಸಿಟಿವ್ ಆಗಿ ತಿರುಗಿಸಿದಾಗ ಬಣ್ಣ ಅಷ್ಟು ಹಟ ಮಾಡುವುದಿಲ್ಲ. ಅಂಚಿನ ಅಕ್ಷರಗಳು ನೇರ ಓದುವಂತಿದ್ದರೆ ಚಿತ್ರ ಎಡಬಲ ಸರಿಯಿದೆ ಎಂದರ್ಥ.

ನನ್ನಲ್ಲಿ ನೀರಿಗೆ ಸಿಕ್ಕದೆ ಉಳಿದವು ಮೇಲಿನ ಅರೆಯವು. ಅವುಗಳಲ್ಲಿ ಹೆಚ್ಚಿನವು ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ರೋಲ್‌ಗಳು. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ತಳ ಕೊಳೆಯುತ್ತಿದೆ ಎಂದು ತಿಳಿಯಿರಿ, ಆ ಪಟ್ಟಿಗಳನ್ನು ಬೇರೆ ಮಾಡಿ ಮೊದಲು ಅವನ್ನೇ ಸ್ಕ್ಯಾನ್ ಮಾಡಿ. ಒಂದರ ಹುಳಿ ಪಕ್ಕದ್ದಕ್ಕೂ ಹತ್ತುತ್ತದೆ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯಬೇಡಿ. ಡೊಂಬಿವಲಿಯ ಗೆಳೆಯರು ಮೂರು ಭಾನುವಾರಗಳಲ್ಲಿ ನಲವತ್ತು ರೋಲ್ ಮುಗಿಸಿದ್ದಾರೆ. ನಾಲ್ಕನೆಯ ಭಾನುವಾರ ನನ್ನ ಮನೆಗೆ ಬರುತ್ತಾರಂತೆ, ಕನ್ನಡಿ ಅವರೇ ತರುತ್ತಾರೆ.